ಕೆರೆ ಬತ್ತಿದೆ, ಮಕ್ಕಳನ್ನು ಅಂಗಳಕ್ಕೆ ಇಳಿಸಬಹುದಾ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮೂರಿನ ದೊಡ್ಡ ಕೆರೆ ಈ ಬೇಸಿಗೆಯಲ್ಲಿ ಮುಕ್ಕಾಲು ಪಾಲು ಬತ್ತಿದೆ. ಏರಿಯ ಪಕ್ಕ ಮಾತ್ರ ಒಂದಿಷ್ಟು ಹಸಿರು ನೀರು ನಿಂತಿದೆ. ಅಲ್ಲೇ ಎರಡು ಕಲ್ಲು ಕಂಬ, ಕೆಲವು ಮೆಟ್ಟಿಲು ಕಾಣಿಸಿವೆ. ಸ್ವಲ್ಪ ದೂರದಲ್ಲಿ ಬಿಲ್ಲು ಹಿಡಿದ ಮನುಷ್ಯನನ್ನು ಕೆತ್ತಿದ ಒಂದು ಕಲ್ಲಿದೆ. ಅದರ ಮೇಲೆ ಅಕ್ಷರಗಳಿವೆ, ಆದರೆ ಓದೋಕೆ ಆಗುವುದಿಲ್ಲ. ಮೇಲ್ಗಡೆ ಸೂರ್ಯ ಚಂದ್ರರ ಗುರುತಿದೆ. ನಿಧಿ ಇದೆ ಅಂತ ಸುದ್ದಿ ಹಬ್ಬಿ, ರಾತ್ರಿ ಹೊತ್ತು ಯಾರೋ ಕಲ್ಲಿನ ಬುಡ ಅಗೆದಿದ್ದಾರೆ. ನನಗೆ ಎಂಟನೇ ತರಗತಿ ಮಕ್ಕಳಿಗೆ ಇದನ್ನೆಲ್ಲ ತೋರಿಸುವ ಆಸೆ. ಊರಿನ ಅಜ್ಜಿಯರು "ಬತ್ತಿದ ಕೆರೆ ಬಲಿ ಕೇಳುತ್ತೆ" ಅಂತಾರೆ. ನಮ್ಮ ಮಾವನವರು "ನಾವೆಲ್ಲ ಅಲ್ಲೇ ಆಡಿ ಬೆಳೆದವರು, ಏನೂ ಆಗಲ್ಲ" ಅಂತಾರೆ. ಹೋದ ವಾರ ಒಬ್ಬ ಹುಡುಗ ಮೊಣಕಾಲವರೆಗೆ ಹೂತುಹೋಗಿ ಚಪ್ಪಲಿ ಬಿಟ್ಟು ಎದ್ದು ಬಂದ. ಕೆಲವು ಮಕ್ಕಳು ಮಡಕೆ ಚೂರು ಆರಿಸಿ ಶಾಲೆಗೆ ತಂದಿದ್ದಾರೆ. ಊರಿನ ಹುಡುಗರು ಕಲ್ಲನ್ನು ದೇವಸ್ಥಾನದ ಮುಂದೆ ನಿಲ್ಲಿಸಬೇಕು ಅಂತಿದ್ದಾರೆ. ಮಾವನವರಿಗೆ ಹಿಪ್ಪುನೇರಳೆ ತೋಟಕ್ಕೆ ಕೆರೆಯ ಗೋಡು, ಅಂದರೆ ಹೂಳು ಮಣ್ಣು, ಹೊಡೆಸಬೇಕಂತೆ. ಯಾವುದು ಸರಿ, ಯಾವುದು ತಪ್ಪು?

ಉತ್ತರ: ಕರೆದುಕೊಂಡು ಹೋಗಿ. ಇದು ಮೊದಲ ಮಾತು. ಕೆರೆಯ ಹೊಟ್ಟೆ ನೋಡುವ ಅವಕಾಶ ವರ್ಷ ವರ್ಷ ಸಿಗುವುದಿಲ್ಲ. ಆದರೆ ಕೆರೆಯ ಎಲ್ಲ ಭಾಗಕ್ಕೂ ಇಳಿಸಬೇಡಿ. ನಿಮ್ಮ ಪತ್ರದಲ್ಲಿ ಮಕ್ಕಳಿಗೆ ತೋರಿಸಬೇಕು ಅಂತ ನೀವು ಪಟ್ಟಿ ಮಾಡಿದ ಆ ಕಂಬ, ಮೆಟ್ಟಿಲುಗಳೇ ಇಡೀ ಅಂಗಳದಲ್ಲಿ ಹೆಚ್ಚು ಅಪಾಯದ ಜಾಗದಲ್ಲಿವೆ. ಅವನ್ನು ಕೆರೆ ಏರಿಯ ಮೇಲೆ ನಿಂತು ತೋರಿಸಿ. ಯಾಕೆ ಅಂತ ಹೇಳುತ್ತೇನೆ. ಸಣ್ಣ ನೀರಾವರಿ ಕೆಲಸದಲ್ಲೇ ನನ್ನ ಬಹುಪಾಲು ಬದುಕು ಕಳೆದಿದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ ನೋಡುತ್ತಲೇ ಕಲಿತ ಮಾತಿದು.

ಮೊದಲು ಅಜ್ಜಿಯರ ಮಾತು, ಮಾವನವರ ಮಾತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಕೆರೆ ಬಲಿ ಕೇಳುವುದಿಲ್ಲ. ಆದರೆ ಬತ್ತಿದ ಕೆರೆಯಲ್ಲಿ ಜನ ಸಾಯುವುದು ನಿಜ. ಆ ಸಾವು ಕಂಡವರು ಮಕ್ಕಳನ್ನು ದೂರ ಇಡೋಕೆ ಹೇಳಿದ ಮಾತು ಅದು. ಮಾವನವರು ಹೇಳಿದ್ದೂ ಸುಳ್ಳಲ್ಲ. ಅವರು ಚಿಕ್ಕವರಿದ್ದಾಗ ಕೆರೆ ಅಂಗಳ ಇಳಿಜಾರಾಗಿ, ನಿಧಾನವಾಗಿ ಆಳವಾಗುತ್ತಿತ್ತು. ದನ ಮೇಯುತ್ತಿದ್ದವು, ಹುಡುಗರು ಆಡುತ್ತಿದ್ದರು. ಆಮೇಲೆ ಜೆಸಿಬಿ ಬಂತು. ಇಟ್ಟಿಗೆ ಗೂಡಿಗೆ, ರಸ್ತೆಗೆ, ಬಡಾವಣೆಗೆ ಮಣ್ಣು ಹೋಯಿತು. ಒಂದೊಂದು ಕಡೆ ಆಳುದ್ದ, ಎರಡಾಳುದ್ದ ಗುಂಡಿ ಉಳಿಯಿತು. ಅದಕ್ಕೆ ಇಳಿಜಾರಿಲ್ಲ, ಗೋಡೆಯ ಹಾಗೆ ನೇರ ಅಂಚು. ಒಂದು ಮಳೆ ಬಂದರೆ ಗುಂಡಿ ತುಂಬುತ್ತದೆ. ಸುತ್ತ ಮೊಣಕಾಲುದ್ದ ನೀರಿದ್ದರೆ ನಡುವೆ ಎಷ್ಟು ಆಳ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕಾಲಿಟ್ಟ ಮಗುವಿಗೆ ಹಿಡಿದು ಹತ್ತೋಕೆ ಅಂಚೇ ಸಿಗುವುದಿಲ್ಲ, ಜೇಡಿ ಜಾರುತ್ತದೆ. ನಮ್ಮ ಕಡೆ ಕೆರೆಯಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಕೇಳುವುದು, ಅಲ್ಲಿ ಮಣ್ಣು ತೆಗೆದಿದ್ದರಾ ಅಂತ. ಹಾಗಾಗಿ ಮಾವನವರ ಧೈರ್ಯ ಹಳೇ ಕೆರೆಗೆ ಸರಿ, ಈಗಿನ ಕೆರೆಗೆ ಅಲ್ಲ. ಆದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಎಲ್ಲಿ ಗಟ್ಟಿ ನೆಲ ಇತ್ತು, ಹಳೇ ಬಾವಿ ಎಲ್ಲಿತ್ತು, ಮಣ್ಣು ಯಾವ ಕಡೆ ತೆಗೆದರು ಅಂತ ಹೇಳಬಲ್ಲವರು ಅವರೇ. ಊರಲ್ಲಿ ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದ ಹಳೇ ನೀರಗಂಟಿ ಮನೆಯವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಈಗ ಆ ಹುಡುಗ ಹೂತುಹೋದ ವಿಷಯ. ಕೆರೆಗೆ ನೀರು ಮೇಲಿನ ಕಡೆಯಿಂದ, ರಾಜಕಾಲುವೆಯಿಂದ ಬರುತ್ತದೆ. ಜೊತೆಗೆ ಮಣ್ಣನ್ನೂ ತರುತ್ತದೆ. ಕೆರೆಯೊಳಗೆ ಬಂದ ಕೂಡಲೇ ನೀರಿನ ವೇಗ ಕಡಿಮೆಯಾಗುತ್ತದೆ. ಮರಳು, ಗರಸು ತೂಕ ಜಾಸ್ತಿ ಇರುವುದರಿಂದ ಅಲ್ಲೇ ಕೂರುತ್ತವೆ. ನುಣ್ಣನೆಯ ಜೇಡಿ ಮಾತ್ರ ತೇಲುತ್ತಾ ಹೋಗಿ ಏರಿಯ ಹತ್ತಿರ, ನೀರು ಅಲುಗದೆ ನಿಲ್ಲುವ ಕಡೆ ತಳ ಸೇರುತ್ತದೆ. ನೂರಾರು ವರ್ಷ ಹೀಗೇ ನಡೆದಿದೆ. ಆದ್ದರಿಂದ ಕೆರೆಯ ಮೇಲ್ತುದಿ ಗಟ್ಟಿ, ಏರಿ ಪಕ್ಕ ಮೆತ್ತಗೆ. ಬಿಸಿಲಿಗೆ ಜೇಡಿಯ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ. ಬಿರುಕು ನೋಡಿ ನೆಲ ಗಟ್ಟಿ ಅಂದುಕೊಳ್ಳುವುದೇ ದೊಡ್ಡ ತಪ್ಪು ನಂಬಿಕೆ. ಜೇಡಿ ನೀರು ಕಳೆದುಕೊಂಡಾಗ ಕುಗ್ಗುತ್ತದೆ, ಅದಕ್ಕೇ ಬಿರುಕು. ಅದು ಮೇಲಿನ ಗೇಣುದ್ದದ ಕಥೆ ಅಷ್ಟೇ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಕೆಳಗೆ ತಿಂಗಳುಗಟ್ಟಲೆ ಹಸಿ ಕೆಸರು ಇರುತ್ತದೆ. ಮಗು ಓಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ನಿಂತರೆ ಪದರ ಒಡೆಯುತ್ತದೆ.

ನೆಲ ನೋಡಿದರೆ ತುಂಬಾ ಮಟ್ಟಿಗೆ ಗೊತ್ತಾಗುತ್ತದೆ. ತಿಳಿ ಬೂದು ಬಣ್ಣ, ಅಂಗೈ ತೂರುವಷ್ಟು ಅಗಲದ ಬಿರುಕು, ಬಿರುಕಿನೊಳಗೂ ಒಣ ಮಣ್ಣು ಇದ್ದರೆ ನಡೆಯಬಹುದು. ಬಿರುಕು ಕೂದಲೆಳೆಯಷ್ಟು ಸಣ್ಣದಾಗಿ, ಮಣ್ಣು ಕಪ್ಪಗೆ ಹೊಳೆಯುತ್ತಿದ್ದರೆ ಬೇಡ. ದನದ ಹೆಜ್ಜೆ ನೋಡಿ. ಗೊರಸಿನ ಗುರುತು ಮೇಲ್ಮೇಲೆ ಇದ್ದರೆ ಗಟ್ಟಿ, ಕಾಲು ಪೂರ್ತಿ ಹೂತ ಗುರುತಿದ್ದರೆ ಮೆತ್ತಗೆ. ದನ ಸುತ್ತಿ ಹೋಗಿರುವ ಜಾಗವನ್ನು ನೀವೂ ಸುತ್ತಿ ಹೋಗಿ. ಜೊಂಡು ಇನ್ನೂ ಹಸಿರಾಗಿ ನಿಂತಿದ್ದರೆ ಬೇರಿನ ಮಟ್ಟದಲ್ಲಿ ನೀರಿದೆ ಅಂತ ಅರ್ಥ. ಮುಂದೆ ಹೋಗುವ ದೊಡ್ಡವರ ಕೈಯಲ್ಲಿ ಆಳುದ್ದದ ಬಿದಿರು ಗಳ ಇರಲಿ, ಪ್ರತಿ ಹೆಜ್ಜೆಗೂ ಚುಚ್ಚಿ ನೋಡಲಿ. ಗಳ ಸಲೀಸಾಗಿ ಇಳಿದರೆ ಅಲ್ಲಿಂದ ವಾಪಸ್.

ಅಷ್ಟಾದರೂ ಯಾರಾದರೂ ಹೂತರೆ? ಸಿನಿಮಾದಲ್ಲಿ ತೋರಿಸುವ ಹಾಗೆ ಕೆಸರು ಯಾರನ್ನೂ ತಲೆವರೆಗೆ ಎಳೆದುಕೊಳ್ಳುವುದಿಲ್ಲ. ಗಟ್ಟಿ ಕೆಸರು ನಮ್ಮ ಮೈಗಿಂತ ಭಾರ, ಹಾಗಾಗಿ ಸೊಂಟದ ಆಸುಪಾಸಿಗೆ ಬಂದಾಗ ದೇಹ ತೇಲೋಕೆ ಶುರುಮಾಡುತ್ತದೆ. ಅಪಾಯ ಬೇರೆ ಕಡೆ ಇದೆ. ಗಾಬರಿಯಾಗಿ ಒದ್ದಾಡಿದರೆ ಕೆಸರು ಇನ್ನಷ್ಟು ಸಡಿಲವಾಗಿ ಕಾಲು ಇನ್ನೂ ಕೆಳಗೆ ಹೋಗುತ್ತದೆ. ಕಾಲು ಎತ್ತುವಾಗ ಅದರ ಕೆಳಗೆ ಗಾಳಿ ನುಗ್ಗೋಕೆ ಜಾಗವಿಲ್ಲದೆ ಹಿಡಿದೆಳೆದ ಹಾಗಾಗುತ್ತದೆ. ಸುಸ್ತು, ಬಿಸಿಲು, ಪಕ್ಕದಲ್ಲೇ ನೀರು ಸೇರಿಕೊಂಡರೆ ಜೀವಕ್ಕೆ ಕುತ್ತು. ಆಗ ಮಾಡಬೇಕಾದ್ದು ಹಿಂದಕ್ಕೆ ಒರಗಿ, ಹಾಸಿಗೆ ಮೇಲೆ ಮಲಗುವ ಹಾಗೆ ಮೈ ಭಾರ ಹರಡುವುದು. ಒಂದು ಕಾಲನ್ನು ಸಣ್ಣಗೆ ಅಲ್ಲಾಡಿಸುತ್ತಾ ನಿಧಾನವಾಗಿ ಬಿಡಿಸಿಕೊಳ್ಳಬೇಕು, ಆಮೇಲೆ ಇನ್ನೊಂದು. ಚಪ್ಪಲಿ ಹೋದರೆ ಹೋಗಲಿ. ನಿಮ್ಮ ಹುಡುಗ ಮಾಡಿದ್ದು ಸರಿಯಾಗಿಯೇ ಇದೆ. ಕಾಪಾಡೋಕೆ ಹೋಗುವವರು ಓಡಿ ಇಳಿಯಬಾರದು, ಎರಡನೆಯವರೂ ಹೂತುಹೋಗುತ್ತಾರೆ. ಗಟ್ಟಿ ನೆಲದಲ್ಲೇ ನಿಂತು ಹಗ್ಗ, ಸೀರೆ, ಹಲಗೆ ಕೊಡಿ. ತೋಳು ಹಿಡಿದು ಜೋರಾಗಿ ಎಳೆದರೆ ಭುಜ ಕಳಚಬಹುದು. ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ. ಈ ಪಾಠವನ್ನು ಅಂಗಳಕ್ಕೆ ಇಳಿಯುವ ಮೊದಲೇ ಶಾಲೆಯ ಆವರಣದಲ್ಲಿ ಮಕ್ಕಳಿಗೆ ಮಾಡಿ ತೋರಿಸಿ. ಅವರು ನೀವಿಲ್ಲದಾಗಲೂ ಕೆರೆಗೆ ಹೋಗುತ್ತಾರೆ ಅಲ್ವಾ?

ಈಗ ನಿಮ್ಮ ಎರಡು ಕಂಬ, ಮೆಟ್ಟಿಲು. ಫೋಟೋ ನೋಡದೆ ಹೇಳುತ್ತಿದ್ದೇನೆ, ಆದರೆ ಏರಿ ಪಕ್ಕ, ನೀರು ಕೊನೆಗೆ ಉಳಿಯುವ ಕಡೆ ಜೋಡಿ ಕಂಬ ಇದ್ದರೆ ಅದು ಬಹುಮಟ್ಟಿಗೆ ಹಳೇ ತೂಬು. ಕಂಬಗಳ ನಡುವೆ ಅಡ್ಡ ಕಲ್ಲುಗಳಿವೆಯಾ, ಅವುಗಳಲ್ಲಿ ದುಂಡನೆಯ ತೂತಿದೆಯಾ ನೋಡಿ. ಆ ತೂತುಗಳ ಮೂಲಕ ಉದ್ದನೆಯ ಗಳ ಇಳಿಯುತ್ತಿತ್ತು. ತಳದ ಕಲ್ಲಿನಲ್ಲಿರುವ ಕಂಡಿಗೆ ಗಳದ ತುದಿಯ ಮರದ ಗೂಟ ಕೂರುತ್ತಿತ್ತು. ನೀರಗಂಟಿ ಗೂಟ ಎತ್ತಿದಷ್ಟು ನೀರು ಏರಿಯ ಅಡಿಯ ಕಲ್ಲಿನ ಕಾಲುವೆಯಲ್ಲಿ ಹರಿದು ಅಚ್ಚುಕಟ್ಟಿನ, ಅಂದರೆ ಕೆರೆ ನೀರಿನಿಂದ ಬೆಳೆಯುವ, ಗದ್ದೆಗೆ ಹೋಗುತ್ತಿತ್ತು. ಕೆರೆ ಪೂರ್ತಿ ಖಾಲಿಯಾಗುವವರೆಗೂ ನೀರು ಸಿಗಬೇಕಲ್ಲ, ಅದಕ್ಕೆ ತೂಬನ್ನು ಕೆರೆಯ ಅತಿ ತಗ್ಗಿನ ಜಾಗದಲ್ಲೇ ಇಡುತ್ತಾರೆ. ಅಲ್ಲೇ ನುಣ್ಣನೆಯ ಹೂಳು ಎಲ್ಲಕ್ಕಿಂತ ದಪ್ಪಗೆ ಕೂತಿರುತ್ತದೆ. ತೂಬಿನ ಮುಂದೆ ಗುಂಡಿಯೂ ಇರಬಹುದು. ಏರಿಯ ಅಡಿಯ ಕಾಲುವೆಯೊಳಗೆ ಹಾವು, ಉಡ ಸೇರಿಕೊಂಡಿರುತ್ತವೆ. ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಗಾಳಿಯಾಡದ ಕಡೆ ಎಲೆ, ಕಸ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್. ಬಯಲಲ್ಲಿ ಚದುರಿ ಹೋಗುತ್ತದೆ, ಮೂಗು ಮುಚ್ಚಿಕೊಂಡರೆ ಸಾಕು. ತೂಬಿನ ಕೊಳವೆ, ಹಳೇ ಬಾವಿ, ಆಳದ ಗುಂಡಿಯಲ್ಲಿ ತುಂಬಿಕೊಂಡರೆ ಪ್ರಾಣ ತೆಗೆಯುತ್ತದೆ. ಒಳಗೆ ತೆವಳಿ ನೋಡುವ ಆಸೆ ಹುಡುಗರಿಗೆ ಖಂಡಿತ ಬರುತ್ತದೆ, ಮೊದಲೇ ಗಟ್ಟಿಯಾಗಿ ಹೇಳಿಬಿಡಿ.

ಏರಿ ಮೇಲೆ ನಿಂತರೆ ಇದೆಲ್ಲ ಚೆನ್ನಾಗಿ ಕಾಣುತ್ತದೆ. ಒಂದು ಬೈನಾಕ್ಯುಲರ್ ಸಿಕ್ಕರೆ ತೆಗೆದುಕೊಂಡು ಹೋಗಿ. ತೂಬಿನ ಕಂಬದ ಮೇಲೂ ಅಕ್ಷರಗಳಿರಬಹುದು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಕೆರೆಯ ಕೆಳಗೆ ಜಮೀನು ಬಿಟ್ಟುಕೊಡುವ ಪದ್ಧತಿ ಇತ್ತು. ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಅಂತ ಶಾಸನಗಳಲ್ಲಿ ಬರುವುದು ಇದೇ. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆ ಒಡೆದಾಗ 10ನೇ ಶತಮಾನದಲ್ಲಿ ಇರಿವ ನೊಳಂಬನ ಕಾಲದಲ್ಲಿ ಅದನ್ನು ಸರಿಮಾಡಿಸಿದ ದಾಖಲೆ ಶಾಸನದಲ್ಲಿದೆ. ಸಾವಿರ ವರ್ಷದ ಹಿಂದೆಯೇ ಹಳೆಯದಾಗಿ, ಒಡೆದು, ಮತ್ತೆ ಕಟ್ಟಿಸಿಕೊಂಡ ಕೆರೆಗಳು ನಮ್ಮವು. ಪುಸ್ತಕದಲ್ಲಿ ಗಂಗರು, ನೊಳಂಬರು, ಚೋಳರು ಅಂತ ಬಾಯಿಪಾಠ ಮಾಡುವ ಮಕ್ಕಳಿಗೆ, ಅವರಲ್ಲಿ ಒಬ್ಬರ ಕಾಲದ ಕಲ್ಲು ತಮ್ಮೂರ ಕೆಸರಲ್ಲಿ ನಿಂತಿರಬಹುದು ಅಂತ ತೋರಿಸಿದರೆ ಅದು ಮರೆಯುವ ಪಾಠವಲ್ಲ.

ಬಿಲ್ಲು ಹಿಡಿದ ಮನುಷ್ಯನ ಕಲ್ಲು ವೀರಗಲ್ಲು ಆಗಿರುವ ಸಾಧ್ಯತೆ ಜಾಸ್ತಿ. ದನ ಕದ್ದೊಯ್ಯಲು ಬಂದವರ ಜೊತೆ ಹೋರಾಡಿ ಸತ್ತವರಿಗೆ, ಊರು ಕಾಯುವಾಗ ಬಿದ್ದವರಿಗೆ ನಿಲ್ಲಿಸಿದ ಕಲ್ಲುಗಳಿವು. ಕೆಲವು ಕಲ್ಲುಗಳಲ್ಲಿ ಮೂರು ಹಂತ ಇರುತ್ತದೆ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಎದುರು ಕೂತ ವೀರ. ನಮ್ಮ ಕಡೆ ಒಂದೇ ಹಂತದವೂ ಬೇಕಾದಷ್ಟು ಸಿಗುತ್ತವೆ. ಕೆರೆಯೊಳಗೆ ಹೇಗೆ ಬಂತು? ಏರಿ ಮೇಲಿದ್ದದ್ದು ಉರುಳಿರಬಹುದು. ದುರಸ್ತಿ ಮಾಡುವಾಗ ಯಾರೋ ಚಪ್ಪಡಿ ಅಂತ ಬಳಸಿರಬಹುದು. ಅಥವಾ ಕೆರೆ ದೊಡ್ಡದಾಗುವ ಮೊದಲು ಅದು ಹೊಲದ ಬದಿಯಲ್ಲೇ ಇದ್ದಿರಬಹುದು. ಕಲ್ಲು ನಿಂತಿದೆಯಾ ಬಿದ್ದಿದೆಯಾ, ಮುಖ ಯಾವ ಕಡೆ ಇದೆ ಅನ್ನುವುದರಿಂದಲೇ ಇದು ಗೊತ್ತಾಗಬೇಕು. ಅದಕ್ಕೇ ಅದನ್ನು ಅಲುಗಿಸಬೇಡಿ ಅನ್ನುತ್ತಿರುವುದು.

ಓದೋಕೆ ಬರದ ಅಕ್ಷರ, ಸೂರ್ಯ ಚಂದ್ರ ಕಂಡರೆ ನಿಧಿ ಅನ್ನುವ ನಂಬಿಕೆ ಎಷ್ಟೋ ಶಾಸನಗಳನ್ನು ಹಾಳು ಮಾಡಿದೆ. ನನಗೆ ಇದರಷ್ಟು ಹೊಟ್ಟೆ ಉರಿಸುವ ವಿಷಯ ಬೇರೆ ಇಲ್ಲ. ಸೂರ್ಯ ಚಂದ್ರರನ್ನು ಕೆತ್ತುವುದು, ಅವರಿರುವವರೆಗೂ ಈ ದಾನ, ಈ ವೀರನ ಹೆಸರು ಉಳಿಯಲಿ ಅನ್ನುವುದಕ್ಕೆ. ಅಕ್ಷರ ಓದೋಕೆ ಆಗದಿರುವುದಕ್ಕೂ ಕಾರಣ ಸರಳ. ಸಾವಿರ ವರ್ಷದ ಹಿಂದಿನ ಕನ್ನಡ ಲಿಪಿಯ ರೂಪವೇ ಬೇರೆ. ಅದಲ್ಲದೆ 11ನೇ ಶತಮಾನದಲ್ಲಿ ಕೋಲಾರದ ಸೀಮೆ ಚೋಳರ ಕೈಯಲ್ಲಿತ್ತು. ಆಗಿನ ಎಷ್ಟೋ ಶಾಸನಗಳು ತಮಿಳಿನಲ್ಲಿವೆ, ಕೋಲಾರಮ್ಮ ದೇವಸ್ಥಾನದ ಗೋಡೆಗಳಲ್ಲೇ ನೋಡಬಹುದು. ತೆಲುಗು ಶಾಸನಗಳೂ ಇವೆ. ದಾನದ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ಇದನ್ನು ಅಳಿಸಿದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರುತ್ತದೆ ಅಂತ. ಅದನ್ನು ಕೆತ್ತಿಸಿದವರು ಕಾಯುತ್ತಿದ್ದದ್ದು ಚಿನ್ನವನ್ನಲ್ಲ, ಕೆರೆಗೆ ಬಿಟ್ಟ ಜಮೀನನ್ನು. ನೀವೇ ಯೋಚಿಸಿ, ವರ್ಷದಲ್ಲಿ ಎಂಟು ಹತ್ತು ತಿಂಗಳು ನೀರು ನಿಂತು, ಪ್ರತಿ ಮಳೆಗೂ ಹೂಳು ಸರಿಯುವ ಜಾಗದಲ್ಲಿ ಯಾರಾದರೂ ಗಂಟು ಹೂಳುತ್ತಾರಾ? ಕೆರೆಯಲ್ಲಿ ಒಂದೆರಡು ಹಳೇ ನಾಣ್ಯ ಸಿಗುವುದುಂಟು, ಗಂಗಮ್ಮನಿಗೆ ಅಂತ ಜನ ಎಸೆದದ್ದು. ಮುಕ್ಕಾದ ವಿಗ್ರಹ ಸಿಗುವುದುಂಟು, ಭಿನ್ನವಾದ ಮೂರ್ತಿಯನ್ನು ನೀರಿಗೆ ಬಿಡುವ ಪದ್ಧತಿ ಇದೆಯಲ್ಲ. ಇನ್ನು ಅಂಗಳದ ಮಣ್ಣಲ್ಲಿ ಮಿರಮಿರ ಹೊಳೆಯುವುದು ಕಾಗೆಬಂಗಾರ. ನಮ್ಮ ಸುತ್ತಲಿನ ಬಂಡೆಗಳು ಸವೆದು ಮಳೆಯಲ್ಲಿ ಹರಿದು ಬಂದ ಅಭ್ರಕದ ಚೂರು. ಕೋಲಾರದ ಚಿನ್ನದ ಕಥೆ ಕೇಳಿ ಬೆಳೆದ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ.

ರಾತ್ರಿ ಅಗೆಯುವುದು ಕಾನೂನಿನ ಪ್ರಕಾರವೂ ಅಪರಾಧವಾಗುತ್ತದೆ. ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾಯ್ದೆ 1878ರಲ್ಲೇ ಬಂದಿದೆ, ಕರ್ನಾಟಕಕ್ಕೆ 1962ರ ಕಾಯ್ದೆ ಇದೆ. ನೂರು ವರ್ಷ ದಾಟಿದ ಶಿಲ್ಪ, ಶಾಸನ, ನಾಣ್ಯಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಈಗಲೇ ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ. ಕಲ್ಲಿನ ಫೋಟೋ, ಜಾಗದ ಗುರುತು ಲಗತ್ತಿಸಿ. ಒಂದು ಪ್ರತಿ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ. ಅಗೆಯುವವರನ್ನು ನೀವು ರಾತ್ರಿ ಹೋಗಿ ತಡೆಯಬೇಡಿ, ಅದು ಪೊಲೀಸರ ಕೆಲಸ. ಕಲ್ಲಿನಲ್ಲಿ ಏನು ಬರೆದಿದೆ ಅಂತ ಓದಿಸಿ ಊರಿಗೆ ಹೇಳಿದರೆ ಅಗೆಯುವುದು ತಾನಾಗಿ ನಿಲ್ಲುವುದನ್ನು ನೋಡಿದ್ದೇನೆ. "ಇಂಥವನು ದನ ಬಿಡಿಸಿಕೊಂಡು ಬರುವಾಗ ಸತ್ತ" ಅಂತ ಗೊತ್ತಾದ ಮೇಲೆ ಜನ ಅದೇ ಕಲ್ಲಿಗೆ ಅರಿಶಿನ ಕುಂಕುಮ ಇಡೋಕೆ ಶುರುಮಾಡುತ್ತಾರೆ.

ಆ ಕಲ್ಲು ಈಗಾಗಲೇ ದಾಖಲಾಗಿರಲೂಬಹುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಶಿಡ್ಲಘಟ್ಟದ ಶಾಸನಗಳೂ ಅದರಲ್ಲೇ ಇವೆ. ತುಮಕೂರು ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮದು 12ನೇ ಸಂಪುಟ. ತಾಲ್ಲೂಕು, ಊರಿನ ಹೆಸರು ಹಿಡಿದು ಹುಡುಕಬಹುದು. ನಿಮ್ಮೂರ ಹೆಸರು ಅಲ್ಲಿದ್ದು, ಕಲ್ಲು ಎಲ್ಲಿತ್ತು ಅಂತ ಬರೆದಿದ್ದರೆ ಮಕ್ಕಳ ಕೈಗೆ ಒಂದು ಒಳ್ಳೇ ಕೆಲಸ ಸಿಕ್ಕಿತು. ಅಲ್ಲಿಲ್ಲದಿದ್ದರೆ ಇನ್ನೂ ಒಳ್ಳೆಯದು, ಹೊಸ ಶಾಸನ ಇರಬಹುದು.

ಫೋಟೋ ತೆಗೆಯುವಾಗ ಬೆಳಗಿನ ಓರೆ ಬಿಸಿಲು ಬಳಸಿ. ನಡುಮಧ್ಯಾಹ್ನ ಅಕ್ಷರ ಕಾಣುವುದಿಲ್ಲ. ಬಿಸಿಲು ಸಾಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ, ಗೆರೆಗಳ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಕೆಸರು ಇದ್ದರೆ ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್, ಎಣ್ಣೆ, ಸುಣ್ಣ, ಬಣ್ಣ ಯಾವುದೂ ಬೇಡ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದರೆ ಅಳತೆ ಗೊತ್ತಾಗುತ್ತದೆ. ದೇವಸ್ಥಾನಕ್ಕೆ ಸಾಗಿಸುವ ಮಾತು ಸದ್ಯಕ್ಕೆ ಬಿಡಿ. ಜೆಸಿಬಿ ಸರಪಳಿ ಹಾಕಿ ಎತ್ತುವಾಗ ಕಲ್ಲು ಎರಡು ಹೋಳಾಗುವುದು ಹೊಸದೇನಲ್ಲ. ಮುಂದಿನ ಮಳೆಗೆ ಮುಳುಗಿದರೂ ಚಿಂತೆಯಿಲ್ಲ, ಅಷ್ಟು ಕಾಲ ನೀರಲ್ಲೇ ಉಳಿದಿದೆ. ಕಳ್ಳರ ಕಾಟ ಜಾಸ್ತಿ ಇದ್ದರೆ ಸಾಗಿಸುವುದೇ ಮೇಲು ಅನ್ನುವ ಸ್ಥಿತಿ ಬರಬಹುದು. ಆಗಲೂ ಇಲಾಖೆಯವರು ಬಂದು ನೋಡಿ, ಅವರ ಎದುರೇ ಆಗಲಿ.

ಮಡಕೆ ಚೂರಿಗೂ ಇದೇ ನಿಯಮ, ಸ್ವಲ್ಪ ಸಡಿಲ. ಕೆರೆಯ ಮೇಲ್ಪದರದ ಚೂರುಗಳು ಬಹುಪಾಲು ಹರಿದು ಬಂದವು, ನಿಮ್ಮ ಅಜ್ಜಿಯ ಕಾಲದ ಗಡಿಗೆಯೂ ಇರಬಹುದು. ಆದರೆ ಒಳಗಡೆ ಕಪ್ಪು, ಹೊರಗಡೆ ಕೆಂಪು, ಮೇಲ್ಮೈ ನಯವಾಗಿರುವ ಚೂರು ಒಂದೇ ಕಡೆ ಹೆಚ್ಚು ಸಿಕ್ಕರೆ, ದೊಡ್ಡ ಕಲ್ಲುಗಳು ವೃತ್ತವಾಗಿ ನಿಂತಿದ್ದರೆ, ಅದು ಕಬ್ಬಿಣದ ಕಾಲದ ಸಮಾಧಿಯ ಜಾಗ ಇರಬಹುದು. ಜನ ಪಾಂಡವರ ಮನೆ ಅಂತ ಕರೆಯುವ ಕಲ್ಲುಗೋರಿಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಒಂದು ಚೂರನ್ನೂ ಎತ್ತಬಾರದು. ಈಗಾಗಲೇ ತಂದಿರುವವನ್ನು ಬೈದು ಎಸೆಸಬೇಡಿ. ಯಾವ ಮಗು, ಎಲ್ಲಿ ಎತ್ತಿದ್ದು ಅಂತ ಚೀಟಿ ಬರೆದು ಬೇರೆ ಬೇರೆ ಕವರಲ್ಲಿ ಇಡಿ, ಇಲಾಖೆಯವರಿಗೆ ತೋರಿಸಿ. ಮುಂದಕ್ಕೆ, ಇದ್ದಲ್ಲೇ ಫೋಟೋ ತೆಗೆದು ಅಲ್ಲೇ ಬಿಡುವುದು ರೂಢಿಯಾಗಲಿ.

ಹಾಗಾದರೆ ಮಕ್ಕಳು ನಡೆದು ನೋಡುವುದು ಎಲ್ಲಿ? ಕೆರೆಯ ಮೇಲ್ತುದಿಯಲ್ಲಿ, ರಾಜಕಾಲುವೆ ಬಂದು ಸೇರುವ ಕಡೆ. ಅಲ್ಲಿ ನೆಲ ಗಟ್ಟಿ, ಕಲಿಯೋಕೆ ವಿಷಯವೂ ಬೇಕಾದಷ್ಟು. ಕೆರೆ ಯಾಕೆ ಬತ್ತಿತು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಈ ಸರಪಳಿಯಲ್ಲಿ ಎಲ್ಲೋ ಒಂದು ಕಾಲುವೆ ಮುಚ್ಚಿದರೆ, ನೀಲಗಿರಿ ತೋಪಿನಲ್ಲಿ, ಲೇಔಟಿನಲ್ಲಿ ದಾರಿ ಕಳೆದುಹೋದರೆ, ಮಳೆ ಬಂದರೂ ಕೆಳಗಿನ ಕೆರೆ ಖಾಲಿ. ತುಂಬಿದ ಮೇಲೂ ಬಿಸಿಲಿಗೆ ವರ್ಷಕ್ಕೆ ಐದಾರು ಅಡಿ ನೀರು ಆವಿಯಾಗಿ ಹೋಗುತ್ತದೆ. ಹೂಳು ತುಂಬಿ ಆಳ ಕಳೆದುಕೊಂಡ ಕೆರೆಗೆ ಅಷ್ಟೇ ಸಾಕು. ಜೊತೆಗೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ನೆಲದ ಕೆಳಗಿನ ನೀರನ್ನು ಬರಿದು ಮಾಡಿವೆ. ಮೊದಲು ಊಟೆಯಾಗಿ, ನೆಲದಿಂದ ಜಿನುಗಿ ಕೆರೆಗೆ ಸೇರುತ್ತಿದ್ದ ನೀರು ಈಗ ಇಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಫೋನಿನಲ್ಲಿ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೆರೆಯ ಗಡಿ ಎಲ್ಲಿದೆ, ಕಾಲುವೆ ಎಲ್ಲಿರಬೇಕಿತ್ತು ಅಂತ ಮಕ್ಕಳೇ ನಡೆದು ಹೋಲಿಸಲಿ. ಒತ್ತುವರಿ ಕಂಡರೆ ಮಕ್ಕಳ ಬಾಯಿಂದ ಯಾರ ಹೆಸರೂ ಬರುವುದು ಬೇಡ, ಅದು ದೊಡ್ಡವರ ಕೆಲಸ.

ಜೀವಜಾಲವನ್ನೂ ನೋಡಿ. ಬಿರುಕಿನಲ್ಲಿ ಬಾಯಿ ಮುಚ್ಚಿಕೊಂಡು ಮಲಗಿರುವ ಬಸವನಹುಳು ಸತ್ತಿಲ್ಲ, ಮಳೆಗೆ ಕಾಯುತ್ತಿದೆ. ಕೊರಮೀನು ಹಸಿ ಕೆಸರಲ್ಲಿ ಹೂತುಕೊಂಡು ಗಾಳಿ ಉಸಿರಾಡುತ್ತಾ ಬದುಕಿರಬಲ್ಲದು. ಮೊದಲ ಮಳೆಗೆ ಆಕಾಶದಿಂದ ಮೀನು ಬಿತ್ತು ಅನ್ನುವ ಮಾತಿಗೆ ಕಾರಣ ಬಹುಪಾಲು ಇದೇ. ಈ ತಿಂಗಳುಗಳಲ್ಲಿ ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಮಣ್ಣಿನ ಬಣ್ಣವೇ ಇರುತ್ತದೆ. ಹಕ್ಕಿ ತಲೆ ಮೇಲೆ ಹಾರುತ್ತಾ ಕಿರುಚಿದರೆ ಆ ಕಡೆ ಹೋಗಬೇಡಿ, ಮೊಟ್ಟೆ ತುಳಿಯುತ್ತೀರಿ.

ಹೋಗುವ ಸಮಯ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ, ಬಯಲು ಅಂಗಳದಲ್ಲಿ ಎತ್ತರ ಇರುವುದು ಮನುಷ್ಯ ಮಾತ್ರ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡ ಸೇರಿ. ಬರಿಗಾಲು ಬೇಡ, ಜಾಲಿ ಮುಳ್ಳು, ಬಾಟಲಿ ಚೂರು, ಮೀನಿನ ಗಾಳ, ಗಣೇಶನ ಮೂರ್ತಿಯೊಳಗಿದ್ದ ಕಬ್ಬಿಣದ ಸರಳು ಎಲ್ಲ ಅಲ್ಲಿವೆ. ಲೇಸ್ ಕಟ್ಟಿದ ಶೂ ಒಳ್ಳೆಯದು. ಬಿರುಕಿಗೆ, ಕಲ್ಲಿನ ಸಂದಿಗೆ ಕೈ ಹಾಕಬಾರದು, ಕೊಳಕುಮಂಡಲ ಅಲ್ಲೇ ತಣ್ಣಗೆ ಮಲಗಿರುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ಅಲುಗಾಡಿಸದೆ ಸೀದಾ ಆಸ್ಪತ್ರೆಗೆ. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು, ಹೆತ್ತವರ ಒಪ್ಪಿಗೆ, ಪಂಚಾಯಿತಿಗೆ ಮಾಹಿತಿ ಇರಲಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅವರಿಗೂ ಒಂದು ಪತ್ರ ಬರೆಯಿರಿ. ಮುಂಚಿನ ದಿನ ನೀವೂ ಮಾವನವರೂ ಹೋಗಿ ದಾರಿ ನೋಡಿ, ದಾಟಬಾರದ ಗೆರೆಗೆ ಸುಣ್ಣ ಹಾಕಿ ಬನ್ನಿ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಈ ಕಾರ್ಯಕ್ರಮ ಕೈಬಿಡಿ. ಗುಂಡಿಗಳು ತುಂಬಿರುತ್ತವೆ, ಒಣಗಿದ್ದ ನೆಲವೂ ಕೆಸರಾಗಿರುತ್ತದೆ.

ನಿಮ್ಮ ಕೆರೆಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು ಬರುತ್ತದಾ ಅಂತ ನೀವು ಬರೆದಿಲ್ಲ. ಕೋಲಾರಕ್ಕೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ, ನಿಮ್ಮ ಕಡೆಗೆ ಆಮೇಲೆ ಎಚ್.ಎನ್. ವ್ಯಾಲಿ, ಎರಡೂ ಬೆಂಗಳೂರಿನ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೆರೆಗೆ ಬಿಡುವ ಯೋಜನೆಗಳು. ಅಂತರ್ಜಲ ಏರಲಿ ಅನ್ನುವುದು ಇದರ ಉದ್ದೇಶ. ಅಂಥ ಕೆರೆಯಾದರೆ ಗಾಯ ಇರುವ ಕಾಲಿನಲ್ಲಿ ಕೆಸರು ತುಳಿಯಬಾರದು, ಉಳಿದ ನೀರು ಮುಟ್ಟಬಾರದು, ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಬೇಕು. ಮಳೆ ನೀರಿನ ಕೆರೆಗೂ ಇದು ಒಳ್ಳೇ ಅಭ್ಯಾಸ.

ಇದೇ ಕಾರಣಕ್ಕೆ ಗೋಡಿನ ವಿಷಯ ಕೊನೆಗೆ ಇಟ್ಟುಕೊಂಡೆ. ಕೆಂಪು ಮಣ್ಣಿನ ತೋಟಕ್ಕೆ ಕೆರೆಗೋಡು ನಿಜಕ್ಕೂ ಒಳ್ಳೆಯದು. ಜೇಡಿ ಇರುವುದರಿಂದ ತೇವ ಹಿಡಿಯುತ್ತದೆ, ಕೊಳೆತ ಸೊಪ್ಪುಸದೆಯ ಸಾರವೂ ಸೇರುತ್ತದೆ. ಆದರೆ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳುವಿನ ಹೊಟ್ಟೆಗೆ ಹೋಗುತ್ತದೆ, ಹುಳು ಎಷ್ಟು ಸೂಕ್ಷ್ಮ ಅಂತ ಮಾವನವರಿಗೆ ನಾನು ಹೇಳಬೇಕಾಗಿಲ್ಲ. ಯೋಜನೆ ನೀರು ನಿಂತ ಕೆರೆಯಾದರೆ ಭಾರ ಲೋಹಗಳ ಪರೀಕ್ಷೆ ಮಾಡಿಸದೆ ಹೊಡೆಸಬೇಡಿ. ಮಳೆ ನೀರಿನ ಕೆರೆಯಾದರೂ ಉಪ್ಪು, ಕ್ಷಾರದ ಪರೀಕ್ಷೆ ಆಗಲಿ. ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪಂಚಾಯಿತಿ ಅನುಮತಿ ಪಡೆದು, ಏರಿಯ ಬುಡ, ತೂಬು ಮತ್ತು ಆ ಕಲ್ಲಿನಿಂದ ದೂರ, ಹೂಳಿನ ಪದರ ಮಾತ್ರ ತೆಳುವಾಗಿ ಕೆರೆಸಲಿ. ಕೆಳಗೆ ಗರಸು ಕಂಡ ಕೂಡಲೇ ನಿಲ್ಲಿಸಬೇಕು. ಅಂಚನ್ನು ಇಳಿಜಾರಾಗಿ ಸವರಿಸಲಿ, ನೇರ ಗುಂಡಿ ಬಿಟ್ಟು ಬರುವುದು ಬೇಡ. ಟ್ರಾಕ್ಟರ್ ಇಳಿಸುವ ಮೊದಲು ನಿಮ್ಮ ಫೋಟೋ, ಅಳತೆ, ಅರ್ಜಿ ಎಲ್ಲ ಮುಗಿದಿರಲಿ.